ಮಗು ಬರೀ ಜಾಣನೋ, ಅಸಾಧಾರಣ ಪ್ರತಿಭೆಯೋ?

ಪ್ರಶ್ನೆ: ಮಗಳಿಗೆ ಏಳು ವರ್ಷ. ತರಗತಿಗೇ ಮೊದಲು ಬರುತ್ತಾಳೆ, ಹೇಳಿಕೊಟ್ಟದ್ದನ್ನು ಥಟ್ಟನೆ ಕಲಿಯುತ್ತಾಳೆ. ಇವಳು ಜಾಣೆ ಅಷ್ಟೆಯೋ, ಅಸಾಧಾರಣ ಪ್ರತಿಭೆಯವಳೋ? ತಿಳಿಯುವುದು ಹೇಗೆ?

ಉತ್ತರ: ಜಾಣ ಮಗು ಯಾವುದು, ಪ್ರತಿಭಾವಂತ ಮಗು ಯಾವುದು ಎಂದು ಗುರುತಿಸಲು ಎಲ್ಲರೂ ಹಂಚಿಕೊಳ್ಳುವ ಒಂದು ಪಟ್ಟಿ ಇದೆಯಲ್ಲ, ಮೊದಲು ಅದನ್ನು ಪಕ್ಕಕ್ಕಿಡಿ. ಹೌದು, ಆ ಎರಡು ಕಾಲಮ್ಮಿನದೇ. ಎಡಕ್ಕೆ ಜಾಣ ಮಗು, ಬಲಕ್ಕೆ ಪ್ರತಿಭಾವಂತ ಮಗು. ಒಂದಕ್ಕೆ ಉತ್ತರ ಗೊತ್ತಿರುತ್ತದೆ, ಇನ್ನೊಂದು ಪ್ರಶ್ನೆ ಕೇಳುತ್ತದೆ. ಒಂದಕ್ಕೆ ಆರೆಂಟು ಸಲ ಹೇಳಿಕೊಡಬೇಕು, ಇನ್ನೊಂದಕ್ಕೆ ಒಂದೆರಡು ಸಲ ಸಾಕು. ಒಂದು ಓರಗೆಯವರೊಡನೆ ಆಡುತ್ತದೆ, ಇನ್ನೊಂದಕ್ಕೆ ದೊಡ್ಡವರ ಸಹವಾಸವೇ ಇಷ್ಟ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಶಿಕ್ಷಕರಿಗೆಂದು ಬರೆದ ಪಟ್ಟಿ ಅದು. ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎಷ್ಟು ಸಲ ಬೇಡವೆಂದರೂ ಅಪ್ಪ ಅಮ್ಮಂದಿರು ಅದನ್ನೇ ಹಿಡಿದು ಮಕ್ಕಳಿಗೆ ಟಿಕ್ ಹಾಕುತ್ತಾರೆ.

ಮಕ್ಕಳಲ್ಲಿ ಎರಡು ಜಾತಿ ಇದೆ ಎಂಬುದೇ ಆ ಪಟ್ಟಿಯ ಬುನಾದಿ. ಆ ಬುನಾದಿಯೇ ಟೊಳ್ಳು. ಕಲಿಯುವ ಶಕ್ತಿ ಎತ್ತರವಿದ್ದ ಹಾಗೆ, ಒಂದೇ ಸಾಲಿನಲ್ಲಿ ಏರುತ್ತಾ ಹೋಗುತ್ತದೆ. ಬುದ್ಧಿಶಕ್ತಿ ಅಳೆಯುವ ಐಕ್ಯೂ ಪರೀಕ್ಷೆಯಲ್ಲಿ ಸರಾಸರಿ 100. 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಅನುಕೂಲಕ್ಕಾಗಿ ಹಲವೆಡೆ ಅಲ್ಲಿ ಗೆರೆ ಎಳೆದಿದ್ದಾರೆ. ಪರೀಕ್ಷೆಯಲ್ಲೇ ನಾಲ್ಕೈದು ಅಂಕದ ಏರುಪೇರು ಇದ್ದೇ ಇರುತ್ತದೆ. ಹಾಗಿರುವಾಗ 128 ಬಂದ ಮಗುವಿಗೂ 132 ಬಂದ ಮಗುವಿಗೂ ವ್ಯತ್ಯಾಸ ಹುಡುಕುವುದರಲ್ಲಿ ಅರ್ಥವಿಲ್ಲ.

ಇನ್ನು ಬಲಗಡೆಯ ಲಕ್ಷಣಗಳು. ಅವುಗಳಲ್ಲಿ ಯಾವುದಕ್ಕೂ ಬೇರೆ ಕಾರಣ ಇರಬಹುದು. ಕೇಳಿದ್ದಕ್ಕೆಲ್ಲ ಉತ್ತರ ಸಿಗುವ ಮನೆಯಲ್ಲಿ ಯಾವ ಮಗುವಾದರೂ ಹೆಚ್ಚು ಪ್ರಶ್ನೆ ಕೇಳುತ್ತದೆ. ಒಂಟಿ ಮಗು ದೊಡ್ಡವರ ಜೊತೆ ಚೆನ್ನಾಗಿ ಮಾತಾಡುತ್ತದೆ. ಓದದೆಯೂ ಪೂರ್ತಿ ಮಾರ್ಕ್ಸ್ ಬಂತೆಂದರೆ ಪ್ರಶ್ನೆಪತ್ರಿಕೆಯೇ ಸುಲಭವಿದ್ದೀತು. ಪಾಠದ ನಡುವೆ ಎಲ್ಲೋ ನೋಡುತ್ತಾ ಕೂರುವ ಮಗುವಿಗೆ ಬೇಸರ ಬಂದಿರಬಹುದು, ರಾತ್ರಿ ನಿದ್ದೆ ಸಾಲದಿರಬಹುದು, ಕಿವಿ ಮಂದವಿರಬಹುದು. ಇದನ್ನು ‘ಪ್ರತಿಭೆಯ ಲಕ್ಷಣ’ ಎಂದು ಬಿಟ್ಟರೆ ಕಿವಿ ತೋರಿಸಬೇಕಾದ ಮಗು ಹಾಗೇ ಉಳಿಯುತ್ತದೆ.

ಎಡಗಡೆಯದು ಇನ್ನೂ ದೊಡ್ಡ ಅನ್ಯಾಯ. ಶ್ರದ್ಧೆಯಿಂದ ಓದುವ, ಹೋಂವರ್ಕ್ ಅಚ್ಚುಕಟ್ಟಾಗಿ ಮುಗಿಸುವ, ಗೆಳೆಯರ ಜೊತೆ ಖುಷಿಯಾಗಿ ಆಡುವ ಮಗುವಿಗೆ ಅಸಾಧಾರಣ ಶಕ್ತಿ ಇರಬಾರದೆಂದು ಯಾರು ಹೇಳಿದರು? ಹೇಳಿದ್ದನ್ನು ಮಾಡಿ ಸುಮ್ಮನಿರುವ ಹುಡುಗಿಯರು ಹೀಗೇ ಕಣ್ತಪ್ಪಿ ಹೋಗುತ್ತಾರೆ. ಅಕ್ಷರ ಕೂಡಿಸಿ ಓದಲು ಕಷ್ಟಪಡುವ, ಆದರೆ ಕೇಳಿಸಿಕೊಂಡ ವಿಷಯವನ್ನು ವಯಸ್ಸಿಗೆ ಮೀರಿ ಬಿಡಿಸುವ ಮಕ್ಕಳಿಗಂತೂ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಪರೀಕ್ಷೆಯ ಒಂದೇ ಅಂಕವನ್ನು ನಂಬಿದರೂ ಇದೇ ಗತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ನೋಡಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡರು. ಅವರ ಪರೀಕ್ಷೆಗೆ ಕೂತು ಆಯ್ಕೆಯಾಗದೆ ಹೋದವರಲ್ಲಿ ವಿಲಿಯಂ ಶಾಕ್ಲಿ, ಲೂಯಿ ಅಲ್ವಾರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, 1956 ಮತ್ತು 1968ರಲ್ಲಿ.

ಹಾಗಾದರೆ ನೋಡಬೇಕಾದ್ದು ಏನು? ಕಲಿಸಿದ್ದನ್ನು ಎಷ್ಟು ಬೇಗ ಒಪ್ಪಿಸುತ್ತಾಳೆ ಅನ್ನುವುದಕ್ಕಿಂತ, ಕಲಿಸದೇ ಇದ್ದ ಕಡೆಗೆ ಅದನ್ನು ಹೇಗೆ ಒಯ್ಯುತ್ತಾಳೆ ಅನ್ನುವುದು ಮುಖ್ಯ. ಹೀಗೆ ಮಾಡಿ. ‘ಈ ಲೆಕ್ಕದಲ್ಲಿ 5 ಎಂಬ ಅಂಕಿಯೇ ಇಲ್ಲ, 4 ಆದಮೇಲೆ 10’ ಎಂದು ಹೇಳಿ, 1, 2, 3, 4, 10, 11, 12, 13, 14, 20 ಎಂದು ಬರೆದು ತೋರಿಸಿ. ಮುಂದಿನದನ್ನು ಅವಳೇ ಬರೆಯಲಿ. ಚುರುಕಾದ ಮಕ್ಕಳು ಸ್ವಲ್ಪ ಅಭ್ಯಾಸವಾದರೆ 44ರವರೆಗೆ ಸರಿಯಾಗಿ ಬರೆಯುತ್ತಾರೆ. 44ರ ನಂತರ 100 ಎಂದು ತಾನೇ ಕಂಡುಕೊಂಡರೆ ಒಂದು ಹೆಜ್ಜೆ ಮುಂದೆ. ಆಮೇಲೆ ಇಲ್ಲಿ ಸಮಸಂಖ್ಯೆ ಯಾವುದು ಎಂದು ಕೇಳಿ. ಕೊನೆಯ ಅಂಕಿ ನೋಡುವ ಹಳೆಯ ಉಪಾಯ ಇಲ್ಲಿ ಕೆಡುತ್ತದೆ: 11 ಎಂದರೆ ಆರು, ಸಮ, 12 ಎಂದರೆ ಏಳು, ಬೆಸ. ಯಾರೂ ಹೇಳದೆಯೇ ಇದು ಕೆಟ್ಟಿದೆಯೆಂದು ಗಮನಿಸಿ, ಯಾಕೆಂದು ಬೆನ್ನು ಹತ್ತಿ, ಅಂಕಿಗಳನ್ನು ಕೂಡಿ ನೋಡಬೇಕೆಂದು (ಮೊತ್ತ ಸಮವಾದರೆ ಸಂಖ್ಯೆಯೂ ಸಮ) ಕಂಡುಕೊಳ್ಳುವ ಏಳರ ಮಗು ಅಪರೂಪ. ಇದು ಗಣಿತದ ಮಾತು ಮಾತ್ರ. ಮಾತು, ಚಿತ್ರ, ಯಂತ್ರ ಬಿಚ್ಚಿ ಜೋಡಿಸುವುದು, ಇವುಗಳಲ್ಲಿ ಬೇರೆ ಬೇರೆ ನೋಡಬೇಕು. ಒಂದು ದಿನದ್ದನ್ನು ನೋಡಿ ತೀರ್ಮಾನಿಸಬೇಡಿ. ಎರಡು ಮೂರು ತಿಂಗಳು ತಾರೀಖು ಹಾಕಿ ಬರೆದಿಡಿ: ಏನು ಕೊಟ್ಟಿರಿ, ಏನು ಮಾಡಿದಳು, ಎಲ್ಲಿ ನಿಂತಳು.

ಹೋಲಿಸುವಾಗ ವಯಸ್ಸನ್ನು ತಿಂಗಳಲ್ಲಿ ನೋಡಿ. ತರಗತಿಯ ಹಿರಿಯ ಮಗುವಿಗೂ ಕಿರಿಯ ಮಗುವಿಗೂ ಹನ್ನೊಂದು ತಿಂಗಳ ಅಂತರ ಇರಬಹುದು. ಆರೇಳರ ವಯಸ್ಸಿನಲ್ಲಿ ಅದು ಬಹಳ ದೊಡ್ಡದು.

ಪರೀಕ್ಷೆ ಮಾಡಿಸಲೇಬೇಕೆಂದಿದ್ದರೆ ಮನಶ್ಶಾಸ್ತ್ರಜ್ಞರು ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಪರೀಕ್ಷೆಯೇ ಆಗಬೇಕು, ಸುಮಾರು ಒಂದರಿಂದ ಒಂದೂವರೆ ಗಂಟೆ. ಇಂಟರ್ನೆಟ್ಟಿನ ಕ್ವಿಜ್‌ಗಳಿಂದ ಏನೂ ತಿಳಿಯುವುದಿಲ್ಲ. ಆರು ವರ್ಷಕ್ಕಿಂತ ಮುಂಚಿನ ಅಂಕ ಆಮೇಲೆ ಬಹಳ ಬದಲಾಗುತ್ತದೆ. ಮುಂಚೆ ತಯಾರಿ ಮಾಡಿಸಬೇಡಿ, ನೆಗಡಿ ಜ್ವರ ಇದ್ದರೆ ದಿನ ಮುಂದಕ್ಕೆ ಹಾಕಿ. ವರದಿ ಬಂದಾಗ ಒಟ್ಟು ಅಂಕಕ್ಕಿಂತ ಬಿಡಿ ಅಂಕಗಳನ್ನು ಓದಿ. ಭಾಷೆಯ ತರ್ಕದಲ್ಲಿ 140, ಕೆಲಸ ಮುಗಿಸುವ ವೇಗದಲ್ಲಿ 95 ಇದ್ದರೆ ಒಟ್ಟು ಅಂಕ ಎರಡನ್ನೂ ಮುಚ್ಚಿಹಾಕುತ್ತದೆ.

ಆ ವೇಗದ ಮಾತಿನಿಂದ ಇನ್ನೊಂದು ವಿಷಯಕ್ಕೆ ಬರಬೇಕು. ಒಂದು ತರಗತಿ ಹಾರಿಸುವ ಮಾತು ಬಂದಾಗ ಶಾಲೆಯವರು ಸಾಮಾನ್ಯವಾಗಿ ಕೈಬರಹ ತೋರಿಸಿ ‘ಇವಳಿನ್ನೂ ತಯಾರಿಲ್ಲ’ ಅನ್ನುತ್ತಾರೆ. ಇಂಥ ಮಕ್ಕಳಲ್ಲಿ ಯೋಚನೆ ಹತ್ತು ವರ್ಷದವರದ್ದು, ಬೆರಳು ಏಳು ವರ್ಷದ್ದೇ ಆಗಿರುವುದು ತೀರಾ ಸಾಮಾನ್ಯ. ಬರೆಯಲು ತಡವಾಗುತ್ತದೆಂದು ಯೋಚನೆಯನ್ನೂ ಕಟ್ಟಿಹಾಕಬಾರದು. ಮುಂದಿನ ತರಗತಿಯ ವಾರ್ಷಿಕ ಪ್ರಶ್ನೆಪತ್ರಿಕೆಯನ್ನು ಬಾಯಲ್ಲೇ ಕೇಳಿ. ಯಾವ ವಿಷಯದಲ್ಲಿ ನೂರಕ್ಕೆ ಎಂಬತ್ತರ ಮೇಲೆ ಹೇಳಿದಳೋ ಆ ವಿಷಯಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸಲು ಕೇಳಿಕೊಳ್ಳಿ. ಪೂರ್ತಿ ತರಗತಿ ಹಾರಿಸುವುದಕ್ಕಿಂತ ಇದಕ್ಕೆ ಶಾಲೆಯವರು ಬೇಗ ಒಪ್ಪುತ್ತಾರೆ, ಸರಿಹೋಗದಿದ್ದರೆ ಹಿಂದಕ್ಕೆ ತರುವುದೂ ಸುಲಭ.