ಡಿ ಪದರ, ಸಿಡಿಲು ಮತ್ತು 40 ಮೀಟರ್ ಬ್ಯಾಂಡ್: ಸ್ಪರ್ಧೆಗೆ ಮುನ್ನ ಬರೆದುಕೊಂಡ ಟಿಪ್ಪಣಿ

ಹ್ಯಾಮ್ (ಹವ್ಯಾಸಿ ರೇಡಿಯೊ) ಸ್ಪರ್ಧೆಯ ಮಟ್ಟಿಗೆ ‘ಹವಾಮಾನ’ ಎಂಬ ಮಾತಿಗೆ ಎರಡು ಅರ್ಥಗಳಿವೆ: ಒಂದು ನಮಗೆ ಗೊತ್ತಿರುವ ಮಳೆ-ಮೋಡ, ಇನ್ನೊಂದು ಬಹು ಎತ್ತರದಲ್ಲಿ ಬಿಡಿ ಎಲೆಕ್ಟ್ರಾನುಗಳಿರುವ ಅಯಾನುಗೋಳದ ಸ್ಥಿತಿ. ಮಳೆ, ಮೋಡಗಳೆಲ್ಲ ಹದಿನೈದು ಹದಿನೆಂಟು ಕಿ.ಮೀ. ಎತ್ತರದೊಳಗೇ ಮುಗಿಯುತ್ತವೆ, ನಮ್ಮ ಸಂಕೇತವನ್ನು ಬಾಗಿಸಿ ಯೂರೋಪಿಗೆ ಇಳಿಸುವ, ಅಯಾನುಗೋಳದ ಎಫ್ ಪದರ 200 ಕಿ.ಮೀ.ಗೂ ಮೇಲಿದೆ. ಹಾಗಾಗಿ ಮಂಡ್ಯದಲ್ಲಿ ಮಳೆ ಸುರಿದ ಮಾತ್ರಕ್ಕೆ 20 ಮೀಟರ್ ಬ್ಯಾಂಡ್ (ತರಂಗದ ಉದ್ದದಿಂದ ಹೆಸರಾದ ಆವರ್ತನಗಳ ಪಟ್ಟಿ) ಮುಚ್ಚುವುದಿಲ್ಲ.

ನನ್ನನ್ನು ವಾರಗಟ್ಟಲೆ ಕಾಡಿದ್ದು 60ರಿಂದ 90 ಕಿ.ಮೀ. ಎತ್ತರದ ಡಿ ಪದರ. ಎರಡರಲ್ಲೂ ಇರುವುದು ಎಲೆಕ್ಟ್ರಾನುಗಳೇ ಆಗಿರುವಾಗ, ಎಫ್ ಪದರ ಹಿಂದಿರುಗಿಸುವ ತರಂಗವನ್ನು ಡಿ ಪದರ ನುಂಗುವುದೇಕೆ? ಖಾಲಿ ಅಂಗಳದಲ್ಲಿ ಉಯ್ಯಾಲೆಯನ್ನು ತಳ್ಳಿದರೆ ಅದು ಪಡೆದ ಬಲವನ್ನು ಮರಳಿ ಕೊಡುತ್ತದೆ. ಅದೇ ಉಯ್ಯಾಲೆಯನ್ನು ದಸರಾ ಮೆರವಣಿಗೆಯ ಜನಜಂಗುಳಿಯ ನಡುವೆ ಕಟ್ಟಿದರೆ ಪ್ರತಿ ತೂಗಿಗೂ ಯಾರಿಗಾದರೂ ತಾಗಿ ನಿಂತುಬಿಡುತ್ತದೆ. ತರಂಗವು ಎಲೆಕ್ಟ್ರಾನನ್ನು ತೂಗುತ್ತದೆ. ಎಫ್ ಪದರದಲ್ಲಿ ಗಾಳಿ ಅತಿ ವಿರಳವಾದ್ದರಿಂದ ಎಲೆಕ್ಟ್ರಾನ್ ಆ ಶಕ್ತಿಯನ್ನು ಮತ್ತೆ ತರಂಗವಾಗಿಯೇ ಹೊರಸೂಸುತ್ತದೆ. ಡಿ ಪದರದಲ್ಲಿ ಅದು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುವುದರಿಂದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಆವರ್ತನ ಕಡಿಮೆಯಾದಷ್ಟೂ ತೂಗು ದೊಡ್ಡದಾಗಿ ನಷ್ಟವೂ ಹೆಚ್ಚುತ್ತದೆ. ಈ ಹೀರಿಕೆ ಸ್ಥೂಲವಾಗಿ ಆವರ್ತನದ ವರ್ಗಕ್ಕೆ ವಿಲೋಮವಾಗಿರುವುದರಿಂದ, 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್‌ನಿಂದ ನಾಲ್ಕು ಪಟ್ಟು ಮೇಲಿನ, 10 ಮೀಟರ್ ಬ್ಯಾಂಡಿನ 28ಕ್ಕೆ ಹೋದರೆ ಅದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಧ್ಯಾಹ್ನ 40 ಮೀಟರ್‌ನಲ್ಲಿ ದೂರದವರು ಕೇಳಿಸದಿರುವಾಗಲೂ 10 ಮೀಟರ್ ತುಂಬಿ ತುಳುಕಬಲ್ಲದು ಎಂಬುದು ಈ ಲೆಕ್ಕದಿಂದಲೇ ನನಗೆ ಮನದಟ್ಟಾಯಿತು.

ಡಿ ಪದರ ಸೂರ್ಯನೊಂದಿಗೆ ಹುಟ್ಟಿ ಸೂರ್ಯನೊಂದಿಗೇ ಕರಗುತ್ತದೆ. ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುವ ಸಿಕ್ಯೂ ವರ್ಲ್ಡ್ ವೈಡ್ ಧ್ವನಿ ಸ್ಪರ್ಧೆ ನಮಗೆ ಶನಿವಾರ ಬೆಳಗಿನ 5:30ಕ್ಕೆ ಆರಂಭವಾಗುತ್ತದೆ. ಸೂರ್ಯೋದಯಕ್ಕೆ ಉಳಿಯುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆಗ ಯೂರೋಪಿನವರೆಗಿನ ದಾರಿಯೆಲ್ಲ ಕತ್ತಲಲ್ಲಿರುವುದರಿಂದ ಮೊದಲು 40 ಮೀಟರ್‌ನಲ್ಲೇ ಕೂರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸೌರಜ್ವಾಲೆ ಎದ್ದರೆ ಅದರ ಎಕ್ಸ್-ಕಿರಣ ಎಂಟೇ ನಿಮಿಷದಲ್ಲಿ ತಲುಪಿ, ಹಗಲಿರುವ ಕಡೆ ಡಿ ಪದರವನ್ನು ದಟ್ಟವಾಗಿಸುತ್ತದೆ; ಅಂಥ ಹೊತ್ತಿನಲ್ಲಿ ಮೇಲಿನ ಬ್ಯಾಂಡಿಗೆ ಏರಬೇಕು. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಅಳೆಯುವ ಕೆ ಸೂಚ್ಯಂಕ 5 ಮುಟ್ಟಿತೆಂದರೆ ಭೂಕಾಂತ ಬಿರುಗಾಳಿ ಎದ್ದಿದೆ ಎಂದರ್ಥ, ಧ್ರುವದ ಬಳಿ ಹಾದುಹೋಗುವ ಅಮೆರಿಕದ ದಾರಿ ಮೊದಲು ಕೆಡುತ್ತದೆ.

ಇನ್ನು ಸಿಡಿಲು. ಮೈಸೂರು, ಮಂಡ್ಯದಲ್ಲಿ ಅಕ್ಟೋಬರ್ ಸಂಜೆ ಗುಡುಗು ಮಳೆಯ ಹೊತ್ತು, ಪ್ರತಿ ಮಿಂಚಿಗೂ ಹೆಡ್‌ಫೋನಿನಲ್ಲಿ ಚಟಚಟ ಸದ್ದು. ಆದರೆ ಆಕಾಶ ಶುಭ್ರವಾಗಿರುವ ರಾತ್ರಿಯಲ್ಲೂ 80 ಮೀಟರ್‌ನಲ್ಲಿ ಅದೇ ಸದ್ದು ಕೇಳುವುದೇಕೆಂದು ತಿಳಿಯದೆ ನಾನು ಆಂಟೆನಾ ಕೇಬಲ್ಲಿನ (ಕೋಆಕ್ಸ್) ಕನೆಕ್ಟರನ್ನು ಎರಡು ಬಾರಿ ಬಿಚ್ಚಿ ಬೆಸುಗೆ ಹಾಕಿದ್ದೆ. ಸಿಡಿಲು ಕೂಡ ರೇಡಿಯೊ ತರಂಗವನ್ನೇ ಹೊರಡಿಸುತ್ತದೆ. ರಾತ್ರಿ ಡಿ ಪದರವಿಲ್ಲದೆ ದೂರದ ಹ್ಯಾಮ್‌ಗಳ ಧ್ವನಿ ಬರುವ ದಾರಿಯಲ್ಲೇ ಸಾವಿರಾರು ಕಿ.ಮೀ. ಆಚೆಯ ಸಿಡಿಲಿನ ರೇಡಿಯೊ ಸದ್ದೂ ಬಂದಿಳಿಯುತ್ತದೆ. ಹತ್ತಿರದಲ್ಲಿ ಗುಡುಗು ಕೇಳಿದರೆ ಮಾತ್ರ, ಎಷ್ಟೇ ಅಂಕ ಕೈತಪ್ಪಿದರೂ, ಏಣಿ ಹತ್ತಿ ತಂತಿ ಮುಟ್ಟಲು ಹೋಗಬಾರದು. ಮಳೆ ಕವಿಯುವ ಮೊದಲೇ ಆಂಟೆನಾ ಕೇಬಲ್ಲನ್ನು ರೇಡಿಯೊದಿಂದ ಕಳಚಿ ಮನೆಯ ಹೊರಗೆ ಹಾಕಿರಬೇಕು.