ಮೋಡೆಮ್ ಆನ್ ಆಗದಿದ್ದರೆ: ಗೋಡೆಯಿಂದ ಡಬ್ಬಿಯವರೆಗೆ ಕರೆಂಟಿನ ದಾರಿ

ಎಲೆಕ್ಟ್ರಾನಿಕ್ಸ್ ಕಲಿಯುತ್ತಿರುವ ಗೆಳೆಯರೇ, ಕಲಬುರಗಿಯಲ್ಲಿ ನಮ್ಮ ಕೈಗೆ ಬರುವ ಮೊದಲ ರಿಪೇರಿ ಹೆಚ್ಚಾಗಿ ಪಕ್ಕದ ಮನೆಯದ್ದೇ ಆಗಿರುತ್ತದೆ. ಕಾಕಾ ಬಂದು, "ತಮ್ಮಾ, ಮೋಡೆಮ್ ಹತ್ತವಲ್ದು, ಸ್ವಲ್ಪ ನೋಡು" ಅನ್ನುತ್ತಾರೆ. ಆಗ ಡಬ್ಬಿ ಬಿಚ್ಚುವ ಆತುರ ಬೇಡ. ಕರೆಂಟು ಗೋಡೆಯ ಸಾಕೆಟ್‌ನಿಂದ ಹೊರಟು ಅಡಾಪ್ಟರ್, ವೈರು, ಪಿನ್ನು, ಸ್ವಿಚ್ಚು ದಾಟಿ ಮೋಡೆಮ್ ಒಳಗಿನ ಬೋರ್ಡಿಗೆ ಹೋಗುತ್ತದೆ. ಆ ದಾರಿಯಲ್ಲೇ ನಾವೂ ಹೋಗಬೇಕು. ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಸಿಗುವುದು ಅಡಾಪ್ಟರ್‌ನಲ್ಲಿ. ಹಾಗಾಗಿ ಈ ಟಿಪ್ಪಣಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ದೀಪ ನೋಡಿ. ಪವರ್ ದೀಪ ಉರಿಯುತ್ತಿದ್ದು, ಎಲ್‌ಒಎಸ್ ಎಂದು ಬರೆದಿರುವ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಅದು ಕರೆಂಟಿನ ತೊಂದರೆ ಅಲ್ಲ. ಫೈಬರ್‌ನಲ್ಲಿ ಬೆಳಕಿನ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಕೇಬಲ್ ಎಲ್ಲೋ ತುಂಡಾಗಿರಬಹುದು ಅಥವಾ ಜಾಸ್ತಿ ಮಡಚಿರಬಹುದು. ಅದನ್ನು ಕಂಪನಿಯವರೇ ನೋಡಬೇಕು. ಫೈಬರ್ ಪಿನ್ ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ಎಲ್ಲ ದೀಪ ಆರಿಸುವ ಒಂದು ಗುಂಡಿ ಇರುತ್ತದೆ. ಅದನ್ನು ಮಕ್ಕಳು ಒತ್ತಿದ್ದರೆ ದೀಪವಿಲ್ಲ, ಆದರೆ ವೈಫೈ ಇದೆ! ಮೊಬೈಲ್‌ನಲ್ಲಿ ವೈಫೈ ಹೆಸರು ಕಾಣುತ್ತಾ ನೋಡಿದರೆ ಇದು ತಿಳಿದುಬಿಡುತ್ತದೆ.

ದೀಪವೂ ಇಲ್ಲ, ವೈಫೈಯೂ ಇಲ್ಲ ಅಂದರೆ ಸಾಕೆಟ್‌ಗೆ ಬನ್ನಿ. ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೇ ಹಾಕಿ. ಹಳೇ ಬೋರ್ಡಿನ ಒಳಗಿನ ಪತ್ತಿ ಸಡಿಲಾಗಿ ಪಿನ್ನಿಗೆ ತಾಗದೇ ಇರುವುದು ಮಾಮೂಲು. ಮೋಡೆಮ್ ಹಿಂದಿನ ಪವರ್ ಬಟನ್ ಒಳಗೆ ಕೂತಿದೆಯಾ ಎಂದೂ ನೋಡಿ. ಗುಡಿಸುವಾಗ ಕೈ ತಾಗಿ ಅದು ಹೊರಗೆ ಬಂದಿರಬಹುದು. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಈ ಸಾಕೆಟ್ ಇನ್ವರ್ಟರ್ ಲೈನಿನದ್ದಾ, ಬರೀ ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿನದ್ದಾ? ಮನೆಯಲ್ಲಿ ಲೈಟು, ಫ್ಯಾನು ನಡೆಯುತ್ತಿದ್ದರೂ ಆ ಒಂದು ಸಾಕೆಟ್‌ಗೆ ಕರೆಂಟು ಇಲ್ಲದೇ ಇರಬಹುದು.

ಅಡಾಪ್ಟರ್ ಹೇಗೆ ಸಾಯುತ್ತದೆ

ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದುವುದನ್ನು ರೂಢಿ ಮಾಡಿಕೊಳ್ಳಿ. ಇನ್‌ಪುಟ್ 100–240 ವೋಲ್ಟ್ ಎಸಿ, ಔಟ್‌ಪುಟ್ 12 ವೋಲ್ಟ್ ಡಿಸಿ, 1 ಅಥವಾ 1.5 ಆಂಪಿಯರ್ ಎಂದು ಸಾಮಾನ್ಯವಾಗಿ ಇರುತ್ತದೆ. 9 ವೋಲ್ಟಿನವೂ, 5 ವೋಲ್ಟಿನವೂ ಇವೆ, ಆದ್ದರಿಂದ ಅಂದಾಜಿನ ಮೇಲೆ ಹೋಗಬಾರದು. ಪಕ್ಕದಲ್ಲೇ ಪ್ಲಸ್, ಮೈನಸ್ ಇರುವ ಪುಟ್ಟ ಚಿತ್ರ ಇರುತ್ತದೆ. ಪಿನ್ನಿನ ಒಳಭಾಗ ಪ್ಲಸ್ಸಾ, ಹೊರಭಾಗ ಪ್ಲಸ್ಸಾ ಎಂದು ಅದು ಹೇಳುತ್ತದೆ.

ಒಳಗೆ ನಡೆಯುವುದು ಇಷ್ಟು. ಗೋಡೆಯ 230 ವೋಲ್ಟ್ ಎಸಿ ಮೊದಲು ಡಿಸಿ ಆಗುತ್ತದೆ. ಆಗ ಒಳಗಿನ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಭಾಗ) ಮೇಲೆ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಒಂದು ಐಸಿ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತದೆ. ಆ ಕಡೆಯಿಂದ ಬರುವ ಕಡಿಮೆ ವೋಲ್ಟನ್ನು ಡಯೋಡು ಮತ್ತು ಇನ್ನೊಂದು ಕೆಪಾಸಿಟರ್ ಸಮ ಮಾಡಿ 12 ವೋಲ್ಟಾಗಿ ಹೊರಗೆ ಕಳಿಸುತ್ತವೆ. ಪ್ಲಗ್ ಕಿತ್ತ ಮೇಲೂ ಆ 325 ವೋಲ್ಟ್ ಸ್ವಲ್ಪ ಹೊತ್ತು ಉಳಿದಿರಬಹುದು. ಕಲಿಯುವ ಹಂತದಲ್ಲಿ ಅಡಾಪ್ಟರ್ ಬಿಚ್ಚಲೇಬೇಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಹೊಸದು ತಂದರಾಯಿತು.

ಹೆಚ್ಚಾಗಿ ಕೈಕೊಡುವುದು ಔಟ್‌ಪುಟ್ ಕಡೆಯ ಕೆಪಾಸಿಟರ್. ಅದರೊಳಗೆ ಒಂದು ದ್ರವ ಇರುತ್ತದೆ, ಬಿಸಿಗೆ ಮೆಲ್ಲಗೆ ಆರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನ ಅಂದಾಜು ಲೆಕ್ಕ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ? ಅಡಾಪ್ಟರ್ ತನ್ನದೇ ಬಿಸಿಯಲ್ಲಿ ಹಗಲು ರಾತ್ರಿ ದುಡಿಯುತ್ತಿರುತ್ತದೆ. ಅದನ್ನು ಟಿವಿ ಹಿಂದೆ, ಗಾಳಿಯಾಡದ ಷೋಕೇಸಿನೊಳಗೆ ತುರುಕಿದರೆ ಬೇಗ ಹೋಗುತ್ತದೆ. ಬಿಸಿಲು ಬೀಳುವ ಗೋಡೆಯೂ ಬೇಡ, ಟೆರೇಸಿನ ಸ್ಲಾಬಿನ ಕೆಳಗಿನ ಅಟ್ಟವೂ ಬೇಡ.

ಮೀಟರ್ 12 ತೋರಿಸಿದರೆ ಸಾಕಾ?

ಸಾಲದು. ಕಲಿಯುವವರು ಸುಮ್ನೆ ದಾರಿ ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಮುಳ್ಳನ್ನು ಪಿನ್ನಿನ ತೂತಿನೊಳಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಹಿಡಿಯಿರಿ. ಎರಡೂ ಮುಳ್ಳು ಒಂದಕ್ಕೊಂದು ತಾಗಬಾರದು. ಸೊನ್ನೆ ಬಂದರೆ ಅಡಾಪ್ಟರ್ ಅಥವಾ ಅದರ ವೈರು ಹೋಗಿದೆ. ವೈರನ್ನು ಪಿನ್ನಿನ ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿದಾಗ ಅಂಕೆ ಬಂದು ಹೋಗಿ ಮಾಡಿದರೆ ವೈರು ಅಲ್ಲೇ ಒಳಗೊಳಗೆ ಮುರಿದಿದೆ. 12ರ ಆಸುಪಾಸು ಬಂದರೆ? ಅಡಾಪ್ಟರ್ ಚೆನ್ನಾಗಿದೆ ಎಂದು ಈಗಲೇ ಬರೆದುಕೊಳ್ಳಬೇಡಿ. ಮೀಟರ್ ಎಳೆಯುವ ಕರೆಂಟು ಏನೇನೂ ಅಲ್ಲ. ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದಾಗ ನೀರಿನ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಇದೂ ಹಾಗೇ. ಕೆಪಾಸಿಟರ್ ಆರಿಹೋದ ಅಡಾಪ್ಟರ್ ಲೋಡ್ (ಕರೆಂಟು ಎಳೆಯುವ ಸಾಮಾನು) ಇಲ್ಲದಾಗ 12 ತೋರಿಸಿ, ಮೋಡೆಮ್ ಹಚ್ಚಿದ ತಕ್ಷಣ ಕುಸಿಯುತ್ತದೆ.

ಲೋಡ್ ಕೊಡಲು ಗಾಡಿಯ ಪಾರ್ಕಿಂಗ್ ದೀಪಕ್ಕೆ ಹಾಕುವ 12 ವೋಲ್ಟ್, 5 ವ್ಯಾಟಿನ ಬಲ್ಬ್ ಸಾಕು. ಎಲ್‌ಇಡಿ ಬೇಡ, ತಂತಿ ಇರುವ ಹಳೇ ಬಲ್ಬೇ ಬೇಕು. 5ನ್ನು 12ರಿಂದ ಭಾಗಿಸಿ: ಸುಮಾರು 0.42 ಆಂಪಿಯರ್ ಎಳೆಯುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟ್ ಅಳೆಯಿರಿ. 12ರ ಹತ್ತಿರವೇ ನಿಂತರೆ ಅಡಾಪ್ಟರ್ ಬಹುಮಟ್ಟಿಗೆ ಸರಿಯಿದೆ. 9ಕ್ಕೋ 7ಕ್ಕೋ ಜಾರಿದರೆ, ಬಲ್ಬ್ ಮಿನುಗಿದರೆ, ಅಡಾಪ್ಟರ್ ಬದಲಿಸಿ. ಬಲ್ಬ್ ಸಿಗದಿದ್ದರೆ ಅಷ್ಟೇ ವೋಲ್ಟಿನ, ಅದೇ ಪ್ಲಸ್-ಮೈನಸ್ಸಿನ, ಪಿನ್ ಸರಿಯಾಗಿ ಕೂಡುವ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರನ್ನು ಮೋಡೆಮ್‌ಗೆ ಹಚ್ಚಿ ನೋಡಬಹುದು.

ಹೊಸದು ಕೊಳ್ಳಲು ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋದಾಗ ಹಳೇ ಅಡಾಪ್ಟರನ್ನು ಜೊತೆಗೇ ಒಯ್ಯಿರಿ. ವೋಲ್ಟ್ ಅಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪಿಯರ್ ಮಾತ್ರ ಹಳೆಯದಕ್ಕಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಮೋಡೆಮ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಆದರೆ ಮೋಡೆಮ್ ಆನ್ ಆಗಿ ಆಫ್ ಆಗುತ್ತಲೇ ಇರುತ್ತದೆ. ಪಿನ್ನಿನ ಹೊರ ಅಳತೆ 5.5 ಮಿಲಿಮೀಟರ್ ಇದ್ದರೂ ಒಳ ತೂತು 2.1 ಇರಬಹುದು, 2.5 ಇರಬಹುದು. ಕಣ್ಣಳತೆಗೆ ಸಿಗದು, ಹಾಕಿ ನೋಡಿಯೇ ತನ್ನಿ.

ಅಡಾಪ್ಟರ್ ಸರಿ, ಮೋಡೆಮ್ ಮಾತ್ರ ಇಲ್ಲ

ಈಗ ಪಿನ್ ತೆಗೆದು, ಮೀಟರನ್ನು ಬೀಪ್ ಗುರುತಿಗೆ ಇಟ್ಟು ಮೋಡೆಮ್‌ನ ಪವರ್ ತೂತಿನ ಎರಡು ಕಡೆ ಹಿಡಿಯಿರಿ. ಪವರ್ ಬಟನ್ ಆನ್ ಇರಲಿ. ಒಂದು ಕ್ಷಣ ಬೀಪ್ ಬಂದು ನಿಂತರೆ ಹೆದರಬೇಡಿ, ಒಳಗಿನ ಕೆಪಾಸಿಟರ್ ತುಂಬಿಕೊಂಡಿತು ಅಷ್ಟೇ. ಬೀಪ್ ನಿಲ್ಲದಿದ್ದರೆ ಒಳಗೆ ಶಾರ್ಟ್ ಆಗಿದೆ. ಇಂಥ ಮೋಡೆಮ್‌ಗೆ ಹಚ್ಚಿದಾಗ ಒಳ್ಳೇ ಅಡಾಪ್ಟರ್‌ನ ದೀಪವೂ ಮಿಣುಕುತ್ತದೆ. ಅದು ತನ್ನನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಆಫ್ ಆಗುತ್ತಿರುತ್ತದೆ. ಸಿಡಿಲು, ಗುಡುಗಿನ ಮಳೆಯ ಮರುದಿನ ಹೀಗಾಗಿದ್ದರೆ ಲ್ಯಾನ್ ಕೇಬಲ್ ಹಚ್ಚಿದ್ದ ಕಂಪ್ಯೂಟರನ್ನೂ, ಟಿವಿಯನ್ನೂ ಪರೀಕ್ಷಿಸಿ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕರೆಂಟ್ ಲೈನಿನಿಂದಲೂ ತಾಮ್ರದ ಲ್ಯಾನ್ ಕೇಬಲ್‌ನಿಂದಲೂ ಹೊಡೆತ ಒಳಗೆ ಬರುತ್ತದೆ.

ಮೋಡೆಮ್ ಕಂಪನಿ ಕೊಟ್ಟಿದ್ದಾದರೆ ಸೀಲ್ ಒಡೆಯದೆ ದೂರು ಕೊಡಿಸಿ. ಬೇರೆ ಫೈಬರ್ ಮೋಡೆಮ್ ಕೊಂಡು ತಂದು ಹಚ್ಚಿದರೆ ಸಾಮಾನ್ಯವಾಗಿ ನೆಟ್ ಬರುವುದಿಲ್ಲ. ಅದರ ಸೀರಿಯಲ್ ನಂಬರನ್ನು ಕಂಪನಿಯವರು ತಮ್ಮ ಕಡೆ ಸೇರಿಸಬೇಕಾಗುತ್ತದೆ. ಹೊಸದು ಬಂದಾಗ ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಹಾಕಿಸಿ. ಮನೆಯ ಫೋನು, ಟಿವಿ ತಾವಾಗಿಯೇ ಕನೆಕ್ಟ್ ಆಗುತ್ತವೆ, ಕಾಕಾ ನಿಮ್ಮನ್ನು ಮತ್ತೆ ಕರೆಯುವ ಕೆಲಸ ಉಳಿಯುವುದಿಲ್ಲ.