ಅಪ್ರೂವಲ್ ಬಂತು, ಒಪ್ಪಿಗೆ ಯಾರದ್ದು?

ಕಲಬುರಗಿಯ ದೊಡ್ಡ ಆಸ್ಪತ್ರೆಗಳ ವರಾಂಡದಲ್ಲಿ ಪದೇ ಪದೇ ಕೇಳಿಬರುವ ಮಾತು: "ಅಪ್ರೂವಲ್ ಬಂತೇನ್ರೀ?" ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ರೋಗಿಯ ಖರ್ಚು ಕೊಡುವುದು ಸರ್ಕಾರದ ಟ್ರಸ್ಟ್. ಹಾಗಾಗಿ ದೊಡ್ಡ ಚಿಕಿತ್ಸೆಗೆ ಮುಂಚೆಯೇ ಅದರ ಮಂಜೂರಾತಿ ಬೇಕು. ಆಸ್ಪತ್ರೆ ವರದಿಗಳನ್ನು ಕಳಿಸುತ್ತದೆ. ಟ್ರಸ್ಟ್ ಕಡೆಯವರು ಅದನ್ನು ನೋಡಿ ಹೂಂ ಅಂದರೆ ಆ ಚಿಕಿತ್ಸೆಗೆ ಒಟ್ಟಾರೆ ಇಷ್ಟು ಅಂತ ಮೊದಲೇ ನಿಗದಿಯಾದ ಪ್ಯಾಕೇಜ್ ಹಣ ಸಿಗುತ್ತದೆ. ಅಷ್ಟಾದರೆ ಎಲ್ಲವೂ ಆದಂತೆ ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಮಂಜೂರಾತಿ ಹಣದ ವಿಷಯಕ್ಕೆ ಮಾತ್ರ. ಮೈಮೇಲೆ ಕತ್ತರಿ ಆಡಿಸಲು ಹೂಂ ಅನ್ನಬೇಕಾದವರು ರೋಗಿಯೇ. ಅವರಿಗೆ ಯಾರು, ಏನು ಹೇಳಿದರು?

ಇಂಥ ಯೋಜನೆಗಳನ್ನು ನಾನು ಬೇಡ ಅನ್ನುತ್ತಿಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದೇ ನಮ್ಮ ಗುಲ್ಬರ್ಗಾ ವಿಭಾಗದಿಂದ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ರೋಗಗಳಿಗೆ ಬಿಪಿಎಲ್ ಕುಟುಂಬಗಳಿಗೆ ಹಣವಿಲ್ಲದೆ ಚಿಕಿತ್ಸೆ ಸಿಕ್ಕಿತು. ಯೋಜನೆ ತಲುಪಿದ ಹಳ್ಳಿಗಳನ್ನು, ಗಡಿಯ ಆಚೆ ಇನ್ನೂ ತಲುಪದ ಹಳ್ಳಿಗಳೊಂದಿಗೆ ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯಡಿ ಬರುವ ರೋಗಗಳಿಂದ ಆದ ಸಾವು ಬಡ ಕುಟುಂಬಗಳಲ್ಲಿ 64% ಕಡಿಮೆ ಇತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಇದು ಸಣ್ಣ ಮಾತಲ್ಲ.

ಆದರೂ ಹಣ ಬರುವ ದಾರಿ ಬದಲಾದಾಗ ವೈದ್ಯ ಮತ್ತು ರೋಗಿಯ ನಡುವಿನ ನಂಬಿಕೆಯ ಮೇಲೂ ಅದರ ಒತ್ತಡ ಬೀಳುತ್ತದೆ. ಪ್ಯಾಕೇಜ್ ದರದಲ್ಲಿ ಎರಡು ಸೆಳೆತ ಇವೆ. ಒಬ್ಬ ರೋಗಿಗೆ ಖರ್ಚು ಕಡಿಮೆ ಮಾಡಿದಷ್ಟೂ ಆಸ್ಪತ್ರೆಗೆ ಉಳಿತಾಯ. ಆಪರೇಷನ್‌ಗಳ ಸಂಖ್ಯೆ ಜಾಸ್ತಿ ಆದಷ್ಟೂ ಆದಾಯ. ಒಳ್ಳೆಯ ವೈದ್ಯರು ಎರಡನ್ನೂ ತಡೆದುಕೊಳ್ಳುತ್ತಾರೆ, ಅಂಥವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಬರೀ ಒಳ್ಳೆಯತನದ ಮೇಲೆ ಭಾರ ಹಾಕಿ ಕೂರುವುದು ಸರಿಯಲ್ಲ.

ಏನಾಗಬಹುದು ಅನ್ನುವುದನ್ನು ಗರ್ಭಕೋಶದ ಆಪರೇಷನ್‌ಗಳು ತೋರಿಸಿವೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಸರ್ಕಾರಿ ವಿಮೆಯ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶ ಸುಮ್ನೆ ತೆಗೆಯಲಾಗಿದೆ ಎಂದು 2013ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೋರ್ಟ್, ಇಂಥ ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಎಂದಿತು. ವಿಮೆಯ ಮಾತು ಬಿಟ್ಟರೂ ಈ ನೋವು ನಮ್ಮದೂ ಹೌದು. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು, ಎಷ್ಟೋ ಮಂದಿ ಇನ್ನೂ ಚಿಕ್ಕ ವಯಸ್ಸಿನವರು, ಗರ್ಭಕೋಶ ಕಳೆದುಕೊಂಡ ಸುದ್ದಿ ಹೊರಬಿದ್ದು ತನಿಖೆ ನಡೆಯಿತು.

ಬಿಳಿ ಮುಟ್ಟು, ಕಿಬ್ಬೊಟ್ಟೆ ನೋವು ಅಂತ ಬಂದವರಿಗೆ "ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಅಂದರೆ ಯಾರು ತಾನೇ ಹೆದರುವುದಿಲ್ಲ? ಬಿಳಿ ಮುಟ್ಟಿಗೆ ಬಹಳ ಸಲ ಸೋಂಕು ಕಾರಣ, ಅದು ಮಾತ್ರೆಯಿಂದ ಗುಣವಾಗುತ್ತದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜೆನ್ ಒಮ್ಮೆಲೇ ಕುಸಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಬಹಳ ಮೊದಲೇ ಮೈ ಬಿಸಿಯೇರುವುದು, ಮೂಳೆ ಸವೆಯುವುದು ಶುರುವಾಗುತ್ತದೆ. ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ಬಿಸಿಲಲ್ಲಿ ತೊಗರಿ ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಮೊದಲೇ ಗೊತ್ತಿದ್ದರೆ ಅವಳು ಬೇರೆ ದಾರಿ ಕೇಳುತ್ತಿದ್ದಳು, ಅಲ್ವಾ?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೆಹಲಿಯಲ್ಲಿ ಒಬ್ಬ ಮಹಿಳೆ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಒಪ್ಪಿ ಮಲಗಿದರು. ಅವರಿಗೆ ಪ್ರಜ್ಞೆ ಇಲ್ಲದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪು ಎಂದಿತು. ಪ್ರಾಣಕ್ಕೆ ತುರ್ತು ಇರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಸಲ್ಲುವುದಿಲ್ಲ. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳೇನು, ಬೇಡ ಅಂದರೆ ಏನಾಗುತ್ತದೆ, ಇಷ್ಟನ್ನು ಹೇಳಿಯೇ ಒಪ್ಪಿಗೆ ಪಡೆಯಬೇಕು ಎಂದು ಆ ತೀರ್ಪು ಹೇಳಿದೆ. ಹಣ ಯಾರ ಜೇಬಿನಿಂದ ಬರುತ್ತದೆ ಅನ್ನುವುದಕ್ಕೂ ಈ ಹಕ್ಕಿಗೂ ಸಂಬಂಧವಿಲ್ಲ.

ಹೇಳಿದ ಮಾತ್ರಕ್ಕೆ ತಿಳಿದಂತೆಯೂ ಅಲ್ಲ. ವೈದ್ಯರು ಹೇಳಿದ್ದರಲ್ಲಿ 40ರಿಂದ 80% ರೋಗಿಗಳಿಗೆ ಆಗಲೇ ಮರೆತುಹೋಗುತ್ತದೆ ಎಂದು ನೆನಪಿನ ಮೇಲಿನ ಸಂಶೋಧನೆಗಳು ಹೇಳುತ್ತವೆ. ಭಯದಲ್ಲಿ ಇರುವವರಿಗೆ ಇನ್ನೂ ಕಷ್ಟ. ಅದರಲ್ಲೂ ನಮ್ಮ ಭಾಗದಲ್ಲಿ ವಾರ್ಡಿನಲ್ಲಿ ಕನ್ನಡ, ದಖ್ಖನಿ ಉರ್ದು, ಲಂಬಾಣಿ, ತೆಲುಗು, ಬೀದರ್ ಕಡೆ ಮರಾಠಿ. ಸಹಿ ಮಾಡುವ ಕಾಗದ ಮಾತ್ರ ಎಷ್ಟೋ ಕಡೆ ಇಂಗ್ಲಿಷಿನಲ್ಲಿ. ಅದರ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆಸ್ಪತ್ರೆಯ ಫೈಲ್ ಪೂರ್ತಿಯಾಗುತ್ತದೆ ಅಷ್ಟೇ.

ಇದಕ್ಕೆ ಒಂದು ಸರಳ ಉಪಾಯವಿದೆ. ವೈದ್ಯರು ಎಲ್ಲ ಹೇಳಿ ಮುಗಿಸಿ, "ಅವ್ವಾ, ನಾವು ಏನು ಮಾಡ್ತೀವಿ ಅಂತ ಈಗ ನೀವೇ ಹೇಳ್ರಿ" ಅಂತ ಕೇಳುವುದು. ರೋಗಿ ತನ್ನ ಮಾತಿನಲ್ಲಿ ಹೇಳಿದಾಗ ಎಲ್ಲಿ ತಪ್ಪು ತಿಳಿದಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಅಲ್ಲಿಂದ ಮತ್ತೆ ಹೇಳಬಹುದು. ಕೆಲವೇ ನಿಮಿಷದ ಕೆಲಸ. ಆ ನಿಮಿಷಗಳಿಗೆ ಪ್ಯಾಕೇಜ್‌ನಲ್ಲಿ ಬೇರೆ ಹಣವಿಲ್ಲ, ತೊಡಕು ಇರುವುದು ಅಲ್ಲೇ. ಮಂಜೂರಾತಿ ಕೊಡುವವರು ಸ್ಕ್ಯಾನಿಂಗ್ ವರದಿ ಕೇಳುವಂತೆ, ರೋಗಿಗೆ ಯಾವ ಭಾಷೆಯಲ್ಲಿ, ಯಾರು ವಿವರಿಸಿದರು ಅಂತಲೂ ಕೇಳಬೇಕು. ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರಿಗೂ ಇದರಲ್ಲಿ ಪಾಲು ಕೊಡಬೇಕು.

ಅಲ್ಲಿಯವರೆಗೆ ರೋಗಿಗಳ ಕೈಯಲ್ಲೂ ಒಂದು ನಿಯಮ ಇದೆ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಆಪರೇಷನ್ ತುರ್ತಿನದಲ್ಲ ಅಂತಾದರೆ, ಅಪ್ರೂವಲ್ ಬಂದಿದ್ದರೂ ಸರಿ, ಆ ಫೈಲ್ ತೆಗೆದುಕೊಂಡು ಇನ್ನೊಬ್ಬ ವೈದ್ಯರಿಗೆ ತೋರಿಸಿ ಬನ್ನಿ.